ದೊರೆ ಹಚ್ಚಿಕೊಂಡ ಮಾಯದ ಕಾಡಿಗೆ

“ಇವತ್ತು ಸಂಜೆ ನಾನೊಬ್ಬನೇ ಕರಿಗುಡ್ಡದ ಕೋಟೆಗೆ ಹೋಗುತ್ತೇನೆ. ಹೆಬ್ಬಾಗಿಲಿನಿಂದಲೇ ಒಳಗೆ ನಡೆಯುತ್ತೇನೆ. ಆ ವೈರಿ ದೊರೆ ಮಲಗಿರುವಾಗ ಅವನ ಮೀಸೆ ಬೋಳಿಸಿಕೊಂಡು ಬರುತ್ತೇನೆ. ಒಬ್ಬನ ಕಣ್ಣಿಗೂ ಬೀಳುವುದಿಲ್ಲ, ನೋಡುತ್ತಿರಿ!”

ಗುಂಡುಗಲ್ಲಿನ ದೊರೆ ಕೆಂಚವೀರನಾಯಕ ತುಂಬಿದ ಸಭೆಯಲ್ಲಿ ಹೀಗೆ ಅಬ್ಬರಿಸಿದಾಗ ಅವನ ಹಣೆಯಿಂದ ಗಲ್ಲದವರೆಗೆ ಕಾಡಿಗೆ ಮೆತ್ತಿತ್ತು. ಪಕ್ಕದಲ್ಲಿ ತ್ರಿಲೋಚನ ಭಟ್ಟ ಓಲೆಗರಿಯ ಕಟ್ಟೊಂದನ್ನು ಎಳೆಮಗುವಿನಂತೆ ಎದೆಗವಚಿಕೊಂಡು ನಿಂತಿದ್ದ. ದೊಡ್ಡ ಮಾಂತ್ರಿಕ, ಅದಕ್ಕಿಂತ ದೊಡ್ಡ ಪಂಡಿತ. ಹಾಗೆಂದು ಅವನೇ ಹೇಳಿಕೊಂಡಿದ್ದ. ಅವನು ಬರೆದ ‘ಸರ್ವೋಪಯೋಗ ಚಂದ್ರಿಕೆ’ಯಲ್ಲಿ ದಿನಬಳಕೆಯ ಮಂತ್ರತಂತ್ರಗಳೆಲ್ಲ ಇದ್ದವು: ತಿಗಣೆ ಓಡಿಸುವುದು, ಹಾಲು ಒಡೆಯದಂತೆ ಕಾಯುವುದು, ಅತ್ತೆಯ ಬಾಯಿ ಕಟ್ಟುವುದು. ಕೊನೆಯ ಅಧ್ಯಾಯದಲ್ಲಿತ್ತು, ಮನುಷ್ಯನನ್ನು ಮಾಯ ಮಾಡುವ ಈ ಕಾಡಿಗೆ.

“ಹೇಳಿ, ನಾನು ಯಾರಿಗೆ ಕಾಣುತ್ತಿದ್ದೇನೆ?” ಎಂದು ದೊರೆ ಕೇಳಿದ.

ಭಟ್ಟ ಕೆಮ್ಮಿದ.

“ಒಂದು ಸೂಕ್ಷ್ಮವಿದೆ. ಪ್ರಭುಗಳಲ್ಲಿ ನಿಜವಾದ ಭಕ್ತಿ ಇರುವವರಿಗೆ ಅವರು ಎಂದಿನಂತೆಯೇ ಕಾಣುತ್ತಾರೆ. ದ್ರೋಹಿಗೆ, ವೈರಿಗೆ ಬರೀ ಗಾಳಿ.”

“ಕಾಣುತ್ತೀರಿ ಪ್ರಭು!” ಎಂದು ಸೇನಾಪತಿ ಎದ್ದೇಬಿಟ್ಟ.

“ನನಗೆ ತಮ್ಮ ಕಿವಿಯ ಕೂದಲೂ ಕಾಣುತ್ತಿದೆ” ಎಂದ ಮಂತ್ರಿ.

ಕಣ್ಣಿಗೆ ಪೊರೆ ಬಂದು ಮನೆಯ ಬಾಗಿಲನ್ನೇ ತಡಕಾಡುತ್ತಿದ್ದ ಮುದಿ ಪುರೋಹಿತರು ಕೂಡ ಕಂಬದ ಕಡೆ ತಿರುಗಿ, “ಸೂರ್ಯನ ಹಾಗೆ ಹೊಳೆಯುತ್ತಿದ್ದೀರಿ” ಎಂದು ಕೈಮುಗಿದರು.

ಅರಮನೆಯ ಉಗ್ರಾಣ ನೋಡಿಕೊಳ್ಳುವ ಮಾದಿಸೆಟ್ಟಿ ಇದನ್ನೆಲ್ಲ ನೋಡುತ್ತ ಕೂತಿದ್ದ. ಅವನು ಹುಟ್ಟು ವ್ಯಾಪಾರಿ. ಇಷ್ಟು ಅಚ್ಚುಕಟ್ಟಾದ ಮೋಸದ ಸರಕನ್ನು ಯಾವ ಸಂತೆಯಲ್ಲೂ ಕಂಡಿರಲಿಲ್ಲ. ಕಂಡೆ ಎಂದರೆ ಭಕ್ತ, ಕಾಣೆ ಎಂದರೆ ದ್ರೋಹಿ. ಕೊಂಡವನು ಹಿಂದಿರುಗಿಸುವ ಮಾತೇ ಇಲ್ಲ. ಸಂಜೆ ಕರಿಗುಡ್ಡದ ಕಾವಲಿನವನು ದೊರೆಯ ಹೊಟ್ಟೆಗೆ ಈಟಿ ಹಾಕುತ್ತಾನೆ. ಬೆಳಗಾಗುವುದರೊಳಗೆ ಆ ದಂಡು ಇಲ್ಲಿಗೆ ಬಂದು ಪೇಟೆ ಸೂರೆ ಮಾಡುತ್ತದೆ. ಸೆಟ್ಟಿಗೆ ದೊರೆಯ ಮೇಲೆ ಅಂಥ ಮಮಕಾರವೇನೂ ಇರಲಿಲ್ಲ. ಆದರೆ ಪೇಟೆಯ ಮೊದಲನೆಯ ಅಂಗಡಿ ಅವನದೇ.

“ನೀನೇನು ಸುಮ್ಮನಿದ್ದೀಯ ಸೆಟ್ಟಿ? ನಾನು ಕಾಣುವುದಿಲ್ಲವೋ?”

“ಕಾಣುತ್ತೀರಿ ಪ್ರಭು. ಇಷ್ಟು ಎದ್ದು ಕಂಡಿದ್ದು ಇವತ್ತೇ ಮೊದಲು” ಎಂದು ಸೆಟ್ಟಿ ಭಟ್ಟನ ಕಡೆ ತಿರುಗಿದ. “ಭಟ್ಟರೇ, ನಾವು ಭಕ್ತರೇ ಕೂತು ನೋಡಿದರೆ ಮುಗಿಯಿತೇ? ಒಬ್ಬ ವೈರಿಯ ಕಣ್ಣಿಗೂ ತೋರಿಸಬೇಡವೇ? ಸೆರೆಮನೆಯಲ್ಲಿ ದುಗ್ಗ ಇದ್ದಾನಲ್ಲ, ಕರೆಸೋಣ.”

ದುಗ್ಗ ಕರಿಗುಡ್ಡದ ಬೇಹುಗಾರ. ಲಾಯಕ್ಕೆ ನುಗ್ಗಿ ಕುದುರೆ ಎಣಿಸುತ್ತಿದ್ದಾಗ ಸಿಕ್ಕಿಬಿದ್ದವನು. ಭಟ್ಟ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ದೊರೆ, “ಎಳೆದು ತನ್ನಿ ಅವನನ್ನು!” ಎಂದಾಗಿತ್ತು.

ಸಂಕೋಲೆ ಸದ್ದು ಮಾಡುತ್ತ ದುಗ್ಗ ಬಂದ.

“ಆ ಸಿಂಹಾಸನದ ಮೇಲೆ ಏನು ಕಾಣುತ್ತದೋ?” ಸೆಟ್ಟಿ ಕೇಳಿದ.

“ಇನ್ನೇನು, ನಿಮ್ಮ ದೊರೆ. ಮುಖಕ್ಕೆ ಬಾಣಲೆ ಮಸಿ ಬಳಿದುಕೊಂಡು ಕೂತಿದ್ದಾನೆ. ಯಾಕೆ, ಇವತ್ತೇನು ವೇಷ?”

ಭಟ್ಟ ಕುಣಿದಾಡಿಬಿಟ್ಟ.

“ನೋಡಿದಿರಾ! ಹೊರಗೆ ವೈರಿ, ಒಳಗೆ ಪರಮಭಕ್ತ! ಇವನ ಅಂತರಂಗವನ್ನು ನನ್ನ ಕಾಡಿಗೆ ಬಯಲು ಮಾಡಿತು!”

ದೊರೆಯ ಮುಖ ಮಸಿಯೊಳಗೇ ಅರಳಿತು. “ಹೌದಲ್ಲವೇ!”

“ನಾನೂ ಅದನ್ನೇ ಹೇಳುವವನಿದ್ದೆ” ಎಂದ ಸೆಟ್ಟಿ. “ಇಂಥ ಭಕ್ತನಿಗೆ ಸಂಕೋಲೆಯೇ? ಬಿಚ್ಚಿಸಿ ಪ್ರಭು.”

ಬಿಚ್ಚಿದರು. ದುಗ್ಗ ಮಣಿಕಟ್ಟು ಉಜ್ಜಿಕೊಳ್ಳುತ್ತ ಒಬ್ಬೊಬ್ಬರ ಮುಖವನ್ನೂ ನೋಡಿದ. ಇವರಿಗೆಲ್ಲ ಏನಾಗಿದೆ ಎಂದು ಅವನಿಗೆ ತಿಳಿಯಲಿಲ್ಲ.

“ಇವನಿಗೆ ಕರಿಗುಡ್ಡದ ದಾರಿಯೂ ಗೊತ್ತು” ಎಂದು ಸೆಟ್ಟಿ ಮುಂದುವರಿಸಿದ. “ಸಂಜೆ ಇವನೇ ತಮ್ಮ ಅಂಗರಕ್ಷಕನಾಗಿ ಬರಲಿ. ಬರಿಗೈಯಲ್ಲಿ ಬಂದರೆ ಚೆನ್ನಾಗಿರುವುದಿಲ್ಲ. ಸೊಂಟದಲ್ಲಿರುವ ಆ ಕತ್ತಿಯನ್ನು ತಮ್ಮ ಕೈಯಾರೆ ಇವನಿಗೆ ಕೊಡಿ. ಕೊಟ್ಟು, ಬೆನ್ನು ತಿರುಗಿಸಿ ನಿಲ್ಲಿ. ಭಕ್ತ ಹೇಗೆ ಹಿಂದೆ ನಿಲ್ಲುತ್ತಾನೋ ನಾವೂ ನೋಡಿ ಕಣ್ಣು ತುಂಬಿಕೊಳ್ಳುತ್ತೇವೆ.”

ದೊರೆ ಕತ್ತಿಯ ಹಿಡಿಗೆ ಕೈ ಹಾಕಿದ.

“ಕೊಡಿ ಪ್ರಭು” ಎಂದ ದುಗ್ಗ, ಮೊದಲ ಸಲ ಬಹಳ ಗೌರವದಿಂದ.

ದೊರೆ ದುಗ್ಗನನ್ನು ನೋಡಿದ. ದುಗ್ಗ ಕತ್ತಿಯನ್ನು ನೋಡುತ್ತಿದ್ದ. ಹಿಡಿಯ ಮೇಲಿದ್ದ ದೊರೆಯ ಬೆರಳುಗಳು ಇನ್ನಷ್ಟು ಬಿಗಿಯಾದವು.

“ಯಾಕೆ ಪ್ರಭು ತಡ?” ಎಂದ ಸೆಟ್ಟಿ. “ಇವನು ಭಕ್ತನೆಂದು ಗ್ರಂಥವೇ ಹೇಳುತ್ತಿದೆ. ಅಲ್ಲವೇ ಭಟ್ಟರೇ?”

ಭಟ್ಟ ಓಲೆಗರಿಯ ದಾರದ ಗಂಟು ಸರಿಮಾಡುತ್ತ ನಿಂತ.

“ಸೆಟ್ಟಿ,” ದೊರೆಯ ದನಿ ಇಳಿದಿತ್ತು, “ನನ್ನ ಕೈ ಯಾಕೋ ಕತ್ತಿ ಬಿಡುತ್ತಿಲ್ಲ.”

“ಗ್ರಂಥ ಓದಿದ್ದು ತಮ್ಮ ತಲೆ ಪ್ರಭು. ಕೈ ಇನ್ನೂ ಓದಿಲ್ಲ.”

ಸಭೆಯಲ್ಲಿ ಯಾರೋ ನಗು ತಡೆಯಲಾರದೆ ಕಿಸಕ್ಕೆಂದರು. ದೊರೆ ಕಣ್ಣು ಕೆಂಪು ಮಾಡಿ ಆ ಕಡೆ ನೋಡಿದ, ಆಮೇಲೆ ತಾನೇ ಹೊಟ್ಟೆ ಹಿಡಿದುಕೊಂಡು ನಕ್ಕ. ಉತ್ತರೀಯದಿಂದ ಮುಖ ಒರೆಸಿಕೊಂಡ. ದುಗ್ಗನಿಗೆ ಮತ್ತೆ ಸಂಕೋಲೆ ಬಿತ್ತು. ದೊರೆಯ ಕೊರಳಿನ ಮುತ್ತಿನ ಹಾರ ಸೆಟ್ಟಿಯ ಕೈಗೆ ಬಂತು. ಸೆಟ್ಟಿ ಅದನ್ನು ಅಂಗೈಯಲ್ಲಿ ತೂಗಿ ನೋಡಿಯೇ ಕೈಮುಗಿದ.

“ಈ ಭಟ್ಟನ ತಲೆ ತೆಗೆಸಿಬಿಡಲೇ?” ಎಂದ ದೊರೆ.

“ಛೆ ಛೆ! ಇಂಥ ಸರಕನ್ನು ಯಾರಾದರೂ ಹಾಳು ಮಾಡುತ್ತಾರೆಯೇ? ಶಾಲು ಹೊದಿಸಿ, ಪಲ್ಲಕ್ಕಿಯಲ್ಲಿ ಕೂರಿಸಿ, ಗ್ರಂಥದ ಸಮೇತ ಕರಿಗುಡ್ಡದ ದೊರೆಗೆ ಕಾಣಿಕೆಯಾಗಿ ಕಳಿಸಿ. ಅವನಿಗೂ ಒಬ್ಬ ಸೇನಾಪತಿ ಇದ್ದಾನೆ, ಮಂತ್ರಿ ಇದ್ದಾನೆ. ಮುಂದಿನದನ್ನು ಅವರೇ ನೋಡಿಕೊಳ್ಳುತ್ತಾರೆ. ನಾವು ಹೆಬ್ಬಾಗಿಲು ತೆರೆದಿಟ್ಟು, ಮಸಿ ಬಳಿದುಕೊಂಡವನೊಬ್ಬ ಯಾವತ್ತು ಬರುತ್ತಾನೆ ಎಂದು ಕಾಯುತ್ತಿದ್ದರೆ ಸಾಕು.”