ಯುರೋಪಿಗೆ ಹೊರಟ ಹಾಲಮ್ಮನ ಮಗ

ಬನ್ರಪ್ಪ, ಬನ್ರಮ್ಮ, ಗೋಡೆಗೆ ಒರಗಿ ಕೂತ್ಕೊಳ್ಳಿ. ಏ, ಆ ಫೋನು ಅತ್ಲಾಗಿಡೋ. ಕಾಲು ಚಾಚಿದ್ರೂ ಚಿಂತೆಯಿಲ್ಲ, ಕಿವಿ ಮಾತ್ರ ಇತ್ಲಾಗಿರ್ಲಿ.

ದಾವಣಗೆರೇಲಿ ಹಾಲಮ್ಮ ಅಂತ ಒಬ್ಬಳಿದ್ದಳು. ಶೇಂಗಾ ಹೋಳಿಗೆ ಮಾರೋಳು. ಒಬ್ಬನೇ ಮಗ, ಕರಿಬಸವ. ಆಳು ಬಾಗಿಲುದ್ದ, ಮನಸ್ಸು ಹಸುಗೂಸು. ಅವ್ವ ಹೇಳಿದ ಮಾತು ತಪ್ಪಿದೋನಲ್ಲ. ಅದೇ ಕಷ್ಟ! ಒಂದು ಕಡೆಗೆ ಹೇಳಿದ್ದನ್ನ ಇನ್ನೊಂದು ಕಡೆ ಮಾಡಿ ಬರೋನು.

ಹಾಲಮ್ಮಂಗೆ ಇದ್ದದ್ದು ಒಂದೇ ಆಸೆ. ಕಣ್ಣು ಮಂಜಾಗೋದ್ರೊಳಗೆ ಹಿಮದ ಬೆಟ್ಟ ನೋಡಬೇಕು. ಬೀದಿ ಹೆಂಗಸರೆಲ್ಲ ಸೇರಿ ಯುರೋಪ್ ಟೂರಿಗೆ ಹೊರಟರು. "ಮಗನ್ನ ತಂಗಿ ಮನೇಲಿ ಬಿಟ್ಟು ಬಾರೇ" ಅಂದ್ರು.

"ಬಿಟ್ಟರೆ ತಂಗಿ ಮನೆ ಉಳಿಯುತ್ತೇನ್ರೇ? ನಾನು ಬಂದ್ರೆ ಅವನೂ ಬರ್ತಾನೆ. ಇಲ್ಲದಿದ್ರೆ ನಾನೂ ಇಲ್ಲ" ಅಂದಳು.

ಒಲೆ ಬಿಟ್ಟು ಕದಲೋ ಹಾಗಿಲ್ಲ, ಅದಕ್ಕೆ ಟೂರಿನ ಆಫೀಸಿಗೆ ಮಗನ್ನೇ ಕಳಿಸಿದಳು. "ನೋಡೋ, ಅವ್ರು ಹೇಳಿದ್ದಕ್ಕೆಲ್ಲ ಹೂಂ ಅನ್ನಬೇಡ. ಅರ್ಧಕ್ಕೆ ಕೇಳು!"

"ಹೂಂ ಅವ್ವಾ, ಹಂಗೇ ಮಾಡ್ತೀನಿ!"

ಹೋದ. ಆಫೀಸಿನ ತೇಜಮೂರ್ತಿ ಕೂರಿಸಿ ಹೇಳಿದ, "ಏಳು ದೇಶ ತೋರಿಸ್ತೀವಿ."

"ಮೂರೂವರೆ ಮಾಡಿ!"

"ಆ ಅರ್ಧ ದೇಶ ಯಾವುದಪ್ಪಾ? ಹೋಗ್ಲಿ ಬಿಡು. ಹೋಗೋದು ಬರೋದು ಎರಡೂ ವಿಮಾನದಲ್ಲೇ."

"ಎರಡ್ಯಾಕೆ? ಹೋಗೋದು ಸಾಕು! ಬರೋದು ಬಿಟ್ಟುಬಿಡಿ!"

ತೇಜಮೂರ್ತಿ ನಕ್ಕು ನಕ್ಕು ಹಾಲಮ್ಮಂಗೆ ಫೋನ್ ಮಾಡಿದ. ಅವ್ವ ಹಣೆ ಚಚ್ಚಿಕೊಂಡಳು. "ಎಲೋ ಪೆದ್ದಪ್ಪಾ! ದಾರಿ ಹೊರಡೋರು ಬರೀ ಹೋಗೋ ಮಾತಾಡ್ತಾರೇನೋ? ಯಾರು ಏನೇ ಅಂದ್ರೂ 'ಹೋಗಿ ಬರ್ತೀನಿ' ಅನ್ಬೇಕು!"

"ಹೂಂ ಅವ್ವಾ, ಹಂಗೇ ಮಾಡ್ತೀನಿ!"

ಮಾರನೇ ದಿನ ಪಾಸ್‌ಪೋರ್ಟಿಗೆ ಫೋಟೊ ತೆಗೆಸೋಕೆ ಹೋದ. ಸ್ಟುಡಿಯೋದ ವಿರೂಪಣ್ಣ ಸ್ಟೂಲು ತೋರಿಸಿ "ಕೂತ್ಕೋ" ಅಂದ.

"ಹೋಗಿ ಬರ್ತೀನಿ!" ಅಂತ ಬೀದಿಗೆ ಹೋದ, ಬಂದ.

"ಗದ್ದ ಎತ್ತಪ್ಪ."

"ಹೋಗಿ ಬರ್ತೀನಿ!" ಮತ್ತೆ ಹೋದ, ಮತ್ತೆ ಬಂದ.

ಕೊನೆಗೆ ಮನೆಗೆ ಬಂದ ಫೋಟೊ ನೋಡಿದರೆ ಬರೀ ಸ್ಟೂಲು! ಒಂದರಲ್ಲಿ ಮಾತ್ರ ಬಾಗಿಲ ಹತ್ತಿರ ಅಂಗಿಯ ಬೆನ್ನು.

ಅವ್ವ ಹಣೆ ಚಚ್ಚಿಕೊಂಡಳು. "ಈ ಸ್ಟೂಲಿಗೆ ಪಾಸ್‌ಪೋರ್ಟ್ ಮಾಡಿಸ್ಲೇನೋ? ಕೂತರೆ ಕಲ್ಲಿನ ಹಾಗೆ ಕೂರಬೇಕು! ಅಲುಗಾಡಬಾರದು, ಕಣ್ಣು ಮಿಟುಕಿಸಬಾರದು, ತುಟಿ ಬಿಚ್ಚಬಾರದು!"

"ಹೂಂ ಅವ್ವಾ, ಹಂಗೇ ಮಾಡ್ತೀನಿ!"

ಸಂಜೆ ಫೋಟೊ ಚೆನ್ನಾಗೇ ಬಂತು. ಆಮೇಲೊಂದು ದಿನ ಪಾಸ್‌ಪೋರ್ಟ್ ವಿಚಾರಣೆಗೆ ಪೊಲೀಸಪ್ಪ ಮನೆಗೇ ಬಂದ. ಕರಿಬಸವ ಜಗಲಿ ಮೇಲೆ ಕೂತಿದ್ದ.

"ಕರಿಬಸವ ಅಂದ್ರೆ ನೀನೇನಪ್ಪಾ?"

ಕಲ್ಲು.

"ಏ, ನಿನ್ನೇ ಕೇಳ್ತಿರೋದು!"

ಕಲ್ಲಂದ್ರೆ ಕಲ್ಲು! ರೆಪ್ಪೆ ಬಡಿಯಲಿಲ್ಲ. ಪಕ್ಕದ ಮನೆ ನೀಲಮ್ಮ ಇಣುಕಿದಳು. "ಅಯ್ಯಯ್ಯೋ, ಗಾಳಿ ಹೊಡೆದಿದೆ!" ಅಂತ ಓಡಿಬಂದು ನೆತ್ತಿಗೆ ನಿಂಬೆಹಣ್ಣು ತಿಕ್ಕಿದಳು. ಪೊಲೀಸಪ್ಪ ಪೆನ್ನು ಮುಚ್ಚಿ, ಟೋಪಿ ತೆಗೆದು ಕೈಲಿ ಹಿಡ್ಕೊಂಡ. ಹಿತ್ತಲಿಂದ ಹಾಲಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದಳು. "ಇದಾನೆ ಸ್ವಾಮಿ, ಬದುಕಿದಾನೆ! ಇದಾನೆ ಅಂತಲೇ ಬರ್ಕೊಳ್ಳಿ!"

ಪೊಲೀಸಪ್ಪ ಹೋದ ಮೇಲೆ ಹಣೆ ಚಚ್ಚಿಕೊಂಡಳು. "ಮಗಾ, ಸರ್ಕಾರದೋರು ಸಿಕ್ಕರೆ ಉಪಚಾರ ಮಾಡ್ಬೇಕು ಕಣೋ! ಹೋಳಿಗೆ ಹಾಕು, ತುಪ್ಪ ಹಾಕು. ಬೇಡ ಬೇಡ ಅಂತಾರೆ, ಬಿಡಬಾರದು!"

"ಹೂಂ ಅವ್ವಾ, ಹಂಗೇ ಮಾಡ್ತೀನಿ!"

ಇನ್ನು ಉಳಿದದ್ದು ವೀಸಾ. ತಾಯಿ ಮಗ ಬೆಂಗಳೂರಿಗೆ ಹೋದರು. ಗಾಜಿನ ಹಿಂದೆ ಒಬ್ಬ ಮೇಡಂ, ಮುಖ ಬಿಗಿ. ಕರಿಬಸವ ಚೀಲದಿಂದ ಡಬ್ಬಿ ತೆಗೆದ. ಕಿಂಡಿಯೊಳಗೆ ಒಂದು ಹೋಳಿಗೆ ತೂರಿಸಿದ.

"ಏನ್ರೀ ಇದು? ಬೇಡ!"

ಇನ್ನೊಂದು ತೂರಿಸಿದ.

"ಬೇಡ ಅಂದೆನಲ್ಲ!"

"ಹಂಗೇ ಅಂತೀರಂತೆ, ಅವ್ವ ಹೇಳಿದಾಳೆ!" ಅಂತ ಮೇಲಿಂದ ತುಪ್ಪ ಬಿಟ್ಟ. ಕೊನೆಗೆ ಡಬ್ಬಿಯನ್ನೂ ಒಳಗೆ ತಳ್ಳಿದ. ಮೇಜೆಲ್ಲ ತುಪ್ಪ!

ಹಾಲಮ್ಮ ಹಿಂದಿಂದ ಮಗನ ಅಂಗಿ ಜಗ್ಗಿದಳು. ಮುಗೀತು, ಹಿಮವೂ ಇಲ್ಲ, ಬೆಟ್ಟವೂ ಇಲ್ಲ ಅಂದ್ಕೊಂಡಳು. ಮೇಡಂ ಕೈ ಒರೆಸ್ಕೊಂಡು ಗದರಿದಳು. "ನಿಮ್ಮಂಥೋರನ್ನ ಕಳಿಸಿದ್ರೆ ವಾಪಸ್ ಬರ್ತೀರಿ ಅಂತ ಏನ್ರೀ ನಂಬಿಕೆ?"

"ಬರದೇ ಇರೋಕಾಗುತ್ತಾ ಮೇಡಂ? ಸ್ಟೀಲ್ ಡಬ್ಬಿ ನಿಮ್ಮ ಹತ್ರ ಇದೆ! ಡಬ್ಬಿ ಬಿಟ್ಟು ಬಂದ್ರೆ ಅವ್ವ ಮನೆಗೆ ಸೇರಿಸ್ತಾಳಾ?"

ಮೇಡಂ ಬೆರಳು ನೆಕ್ಕಿದಳು. ನಕ್ಕಳು. "ನಮ್ಮವ್ವನೂ ಹಿಂಗೇ ಕಣಪ್ಪ" ಅಂದಳು. ವೀಸಾ ಆಯ್ತು! ಹಾಲಮ್ಮ ಮೆಟ್ಟಿಲ ಮೇಲೆ ಕುಸಿದು ಕೂತು, ಸೆರಗಲ್ಲಿ ಗಾಳಿ ಹಾಕ್ಕೊಂಡಳು. ಆದರೂ ಬೈಯದೆ ಬಿಟ್ಟಾಳೇನು? "ಕಂಡೋರ ಕೈಗೆಲ್ಲ ನಮ್ಮ ಸಾಮಾನು ಕೊಡ್ತಾರೇನೋ? ಇನ್ಮೇಲೆ ಯಾರು ಕೇಳಿದ್ರೂ ಬಿಡಬೇಡ, ಅಪ್ಪಿ ಹಿಡ್ಕೋ!"

"ಹೂಂ ಅವ್ವಾ, ಹಂಗೇ ಮಾಡ್ತೀನಿ!"

ಹೊರಡೋ ದಿನ ಬಂತು. ವಿಮಾನದ ನಿಲ್ದಾಣದಲ್ಲಿ ಒಬ್ಬ ಹುಡುಗಿ "ಬ್ಯಾಗು ಬೆಲ್ಟಿನ ಮೇಲಿಡಿ ಸರ್" ಅಂದಳು. ಇಟ್ಟ. ಬ್ಯಾಗನ್ನ ಅಪ್ಪಿಕೊಂಡು ತಾನೂ ಹತ್ತಿದ! ಹುಡುಗಿ ಅತ್ಲಾಗೆ ತಿರುಗಿದ್ದಳು, ಗುಂಡಿ ಒತ್ತಿಬಿಟ್ಟಳು. ಬೆಲ್ಟು ಹೊರಟಿತು, ಬ್ಯಾಗು ಹೊರಟಿತು, ಕರಿಬಸವನೂ ಹೊರಟ. ರಬ್ಬರ್ ಪರದೆ ಸರಿಯಿತು, ಕಾಲೂ ಕಾಣಲಿಲ್ಲ!

"ಅಯ್ಯೋ, ನನ್ನ ಮಗ!"

ಹೆಂಗಸರೆಲ್ಲ "ವಿಮಾನ ತಪ್ಪುತ್ತೆ, ಬಾರೇ" ಅಂದ್ರು. ಹಾಲಮ್ಮ ನೆಲದ ಮೇಲೆ ಕೂತುಬಿಟ್ಟಳು. "ನೀವು ಹೋಗ್ರೇ. ಹಿಮ ಬೇಡ ನಂಗೆ, ಮಗ ಬೇಕು."

ಅಷ್ಟರಲ್ಲಿ ಒಳಗಿಂದ ಒಬ್ಬ ಆಳು ಕರಿಬಸವನ ರಟ್ಟೆ ಹಿಡ್ಕೊಂಡು ಬಂದ. "ಅಮ್ಮಾ, ಈ ಲಗೇಜು ನಿಮ್ದಾ?" ನೋಡಿದರೆ ಬ್ಯಾಗಿಗೆ ಕಟ್ಟೋ ಹಾಗೆ ಮಗನ ಮಣಿಕಟ್ಟಿಗೂ ಹೆಸರಿನ ಚೀಟಿ ಕಟ್ಟಿದಾರೆ! ಹಾಲಮ್ಮ ಅತ್ತಳು, ನಕ್ಕಳು, ಮಗನ ಬೆನ್ನಿಗೊಂದು ಗುದ್ದಿದಳು. ಓಡಿದರು. ವಿಮಾನ ಸಿಕ್ಕಿತು ಕಣ್ರಪ್ಪಾ, ಸಿಕ್ಕಿತು!

ಆಮೇಲೆ? ಹಾಲಮ್ಮ ಹಿಮದ ಬೆಟ್ಟ ನೋಡಿದಳು. ಒಂದು ಹಿಡಿ ಬಾಯಿಗೆ ಹಾಕ್ಕೊಂಡು "ಸಕ್ಕರೆ ಇದ್ದಿದ್ರೆ ಚೆನ್ನಾಗಿರ್ತಿತ್ತು" ಅಂದಳು. ವೀಸಾ ಮೇಡಂ ವರ್ಷಾ ವರ್ಷಾ ಹೋಳಿಗೆ ತರಿಸ್ಕೊಳ್ತಾಳೆ. ವಿರೂಪಣ್ಣ ಈಗ ಬಾಗಿಲು ಹಾಕ್ಕೊಂಡೇ ಫೋಟೊ ತೆಗೀತಾನೆ. ನೀಲಮ್ಮ ತನ್ನ ನಿಂಬೆಹಣ್ಣಿಂದಲೇ ಅವನು ಬದುಕಿದ್ದು ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಾಳೆ. ತೇಜಮೂರ್ತಿ ಮಾತ್ರ ಆ ಅರ್ಧ ದೇಶ ಯಾವುದು ಅಂತ ಇನ್ನೂ ಯೋಚಿಸ್ತಿದಾನೆ.

ಕರಿಬಸವ? ಮಣಿಕಟ್ಟಿನ ಚೀಟಿ ಬಿಚ್ಚಿಲ್ಲ, ಅವ್ವ ಬಿಚ್ಚೋಕೆ ಬಿಟ್ಟಿಲ್ಲ. ಎಲ್ಲಾದ್ರೂ ಕಳೆದುಹೋದ್ರೆ ಯಾರಾದ್ರೂ ನೋಡಿ ತಂದು ಮುಟ್ಟಿಸ್ತಾರೆ ಅಂತ ಅವಳೀಗ ನೆಮ್ಮದಿಯಾಗಿ ನಿದ್ದೆ ಮಾಡ್ತಾಳೆ.