ನಪಾಸು ಮಡ್ಡಿಗೆ ಆ ಹೆಸರು ಬಂದ ಬಗೆ

ಹಂಚಿಗೇರಿಯ ಪೇಟೆ ದಾಟಿ ಬಡಗಣ ದಿಕ್ಕಿಗೆ ಒಂದು ಮೈಲಿ ನಡೆದರೆ ಕೆಂಪು ಗರಸಿನ ದಿನ್ನೆಯೊಂದು, ಇಲ್ಲಿನವರ ಮಾತಿನಲ್ಲಿ ಮಡ್ಡಿ, ಎದುರಾಗುತ್ತದೆ. ಅದರ ನೆತ್ತಿಯ ಮೇಲೆ ಇಂದು ಪ್ರೌಢಶಾಲೆ ನಿಂತಿದೆ. ಹದಿನೆಂಟು ಕೋಣೆ, ವಿಜ್ಞಾನದ ಪ್ರಯೋಗಶಾಲೆ, ಬಡಿಗತನ ಕಲಿಸುವ ತಗಡಿನ ಶೆಡ್ಡು, ಉದ್ದನೆಯ ಗ್ರಂಥಾಲಯ, ಖೊಖೋ ಆಡಿ ಆಡಿ ಹುಲ್ಲೇ ಹುಟ್ಟದಂತಾದ ಮೈದಾನ. ಸುತ್ತಲ ಇಪ್ಪತ್ತು ಹಳ್ಳಿಗಳ ಮಕ್ಕಳು ಇಲ್ಲಿಗೆ ಬರುತ್ತಾರೆ. ಸರಕಾರದ ಕಾಗದದಲ್ಲಿಯೂ ಬಸ್ಸಿನ ಫಲಕದಲ್ಲಿಯೂ ಈ ಜಾಗದ ಹೆಸರು ನಪಾಸು ಮಡ್ಡಿ. ಹೊಸದಾಗಿ ವರ್ಗವಾಗಿ ಬಂದ ಶಿಕ್ಷಕರು ಈ ವಿಳಾಸವನ್ನು ಯಾರಿಗಾದರೂ ಹೇಳಲು ನಾಚುವುದುಂಟು. ಇಷ್ಟು ಒಳ್ಳೆಯ ಶಾಲೆಗೆ ಇಂಥ ಹೆಸರೇಕೆಂದು ಕೇಳಿದರೆ ಊರ ಹಿರಿಯರು ನೇಮಣ್ಣ ಮಾಸ್ತರರ ಸಂಗತಿಯನ್ನು ಹೇಳುತ್ತಾರೆ.

ಹಿಂದೆ ಒಮ್ಮೆ, ಇಂಗ್ಲಿಷರ ಆಳಿಕೆ ಇನ್ನೂ ಇದ್ದಾಗ, ಈ ಮಡ್ಡಿಯ ಮೇಲೆ ಕುರುಚಲು ಜಾಲಿಯ ಹೊರತು ಏನೂ ಇರಲಿಲ್ಲ. ಇಂಗ್ಲಿಷ್ ಶಾಲೆ ಇದ್ದದ್ದು ಕೆಳಗೆ ಪೇಟೆಯಲ್ಲಿ. ಕನ್ನಡ ನಾಲ್ಕನೆಯ ಇಯತ್ತೆ ಮುಗಿಸಿದವರು ಅಲ್ಲಿಗೆ ಸೇರಬೇಕಾದರೆ ಪರೀಕ್ಷೆ ಕೊಡಬೇಕು. ಇದ್ದ ಜಾಗ ನಲವತ್ತು, ಬರುವವರು ನೂರಕ್ಕೂ ಹೆಚ್ಚು. ಪರೀಕ್ಷೆಯಾದ ಮೂರನೆಯ ದಿನ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ, ಒಬ್ಬೊಬ್ಬರ ಹೆಸರು ಕೂಗಿ, ಪಾಸು ಇಲ್ಲವೇ ನಪಾಸು ಎಂದು ಸಾರುತ್ತಿದ್ದರು. ನಪಾಸಾದವರು ಎಲ್ಲರ ಕಣ್ಣೆದುರೇ ಹೊರಗೆ ನಡೆಯಬೇಕಾಗಿತ್ತು. ಲೆಕ್ಕದ ಪ್ರಶ್ನೆ ತೆಗೆಯುವುದೂ ತಿದ್ದುವುದೂ ನೇಮಣ್ಣ ಉಪಾಧ್ಯೆ ಎಂಬ ಮಾಸ್ತರರ ಕೆಲಸ. ಹದಿನಾಲ್ಕು ವರ್ಷ ಆ ಕೆಲಸ ಮಾಡಿದ ಅವರು ಒಮ್ಮೆಯೂ ಯಾರ ವಶೀಲಿಗೂ ಬಗ್ಗಲಿಲ್ಲ ಎನ್ನುತ್ತಾರೆ.

ಹದಿನಾಲ್ಕನೆಯ ವರ್ಷ ನಪಾಸಾದವರಲ್ಲಿ ಬಡಿಗೇರ ಮೌನೇಶನ ಮಗಳು ಸಾವಂತ್ರಿ ಒಬ್ಬಳು. ಮರುದಿನ ಬೆಳಿಗ್ಗೆ ಅವಳು ಅಪ್ಪನೊಡನೆ ಬಂದು ಮಾಸ್ತರರ ಮನೆಯ ಕಟ್ಟೆಯ ಮುಂದೆ ನಿಂತಳು. ಎಂಟು ಅಡಿಗೊಂದು ಕಂಬ ನೆಟ್ಟರೆ ಎಂಬತ್ತು ಅಡಿ ಉದ್ದದ ಚಪ್ಪರದ ಒಂದು ಸಾಲಿಗೆ ಎಷ್ಟು ಕಂಬ ಬೇಕು ಎಂಬ ಪ್ರಶ್ನೆಗೆ ಅವಳು ಹನ್ನೊಂದು ಎಂದು ಬರೆದಿದ್ದಳು. ಶಾಲೆಯ ಗೋಡೆಗೆ ಅಂಟಿಸಿದ್ದ ಉತ್ತರ ಹತ್ತು. ಮೌನೇಶ ಮಾತಾಡಲು ಹಿಂಜರಿದ. ಹುಡುಗಿಯೇ ಕೇಳಿದಳು: “ಮಾಸ್ತರ್ರ, ಹತ್ತು ಕಂಬಾ ಹಾಕಿದ್ರ ಕಡೀ ಗಳಾ ಯಾತರ ಮ್ಯಾಲೆ ಕೂಡತೈತ್ರಿ?” ಎಂಬತ್ತನ್ನು ಎಂಟರಿಂದ ಭಾಗಿಸಲು ಬಾರದೇ ಎಂದು ಮಾಸ್ತರರು ಗದರಿದರು. ಆಮೇಲೆ ಏನನ್ನಿಸಿತೋ, ಒಳಗಿನಿಂದ ಹುಣಿಸೆ ಬೀಜ ತಂದು ಕಟ್ಟೆಯ ಮೇಲೆ ಸಾಲಾಗಿ ಇಟ್ಟರು. ಹತ್ತು ಸಂದು ಆಗಬೇಕಾದರೆ ಹನ್ನೊಂದು ಬೀಜ ಬೇಕಾದವು. ಕೂಡಿಸಿ ತೆಗೆದು ಮತ್ತೆ ಇಟ್ಟರು. ಆಗಲೂ ಹನ್ನೊಂದೇ.

ಅಂಕಿಗಳನ್ನಷ್ಟೇ ಬದಲಿಸಿ ಅದೇ ಲೆಕ್ಕವನ್ನು ಅವರು ಹದಿನಾಲ್ಕು ವರ್ಷವೂ ಕೇಳಿದ್ದರು. ಅಂದೇ ಹೆಡ್ಮಾಸ್ತರರ ಬಳಿಗೆ ಹೋಗಿ ಪಟ್ಟಿಯನ್ನು ತಿದ್ದೋಣವೆಂದರು. ನಲವತ್ತು ಮಂದಿ ಆಗಲೇ ಕುಳಿತಾಗಿದೆ, ತಪ್ಪೊಪ್ಪಿಕೊಂಡರೆ ಶಾಲೆಯ ಮರ್ಯಾದೆ ಹೋಗುತ್ತದೆ ಎಂಬ ಉತ್ತರ ಬಂತು. ಹಳೆಯ ಉತ್ತರಪತ್ರಿಕೆಗಳನ್ನು ಕೇಳಿದರೆ ಅವನ್ನು ವರ್ಷವರ್ಷವೂ ಸುಟ್ಟಿದ್ದರು. ಒಂದು ಲೆಕ್ಕದಿಂದ ಎಷ್ಟು ಮಕ್ಕಳು ಹೊರಗೆ ಉಳಿದರೆಂಬುದನ್ನು ತಿಳಿಯುವ ದಾರಿಯೇ ಇರಲಿಲ್ಲ. ಅಂದಿನಿಂದ ಮಾಸ್ತರರ ಕಾಲು ಒಂದು ಕಡೆ ನಿಲ್ಲದಾಯಿತು. ಪಾಠವನ್ನು ನಡುವೆಯೇ ಬಿಟ್ಟು ಕಿಟಕಿಯ ಬಳಿ ಹೋಗುವರು. ಎರಡು ತುತ್ತು ಉಂಡು ಎದ್ದುಬಿಡುವರು. ಸಂತೆಯಲ್ಲಿ ಹರೆಯದ ಹಮಾಲರನ್ನೂ ದನದ ವ್ಯಾಪಾರಿಗಳನ್ನೂ ತಡೆದು, ಯಾವ ವರ್ಷ ಪರೀಕ್ಷೆ ಕೊಟ್ಟಿದ್ದೆ, ಕಂಬದ ಲೆಕ್ಕಕ್ಕೆ ಏನು ಬರೆದಿದ್ದೆ ಎಂದು ಕೇಳುವರು. ಕೆಲವರು ನಕ್ಕರು, ಕೆಲವರಿಗೆ ನೆನಪಿರಲಿಲ್ಲ. ಒಬ್ಬ ಮಾತ್ರ ಚೀಲ ಹೊತ್ತು ಮುಂದೆ ನಡೆದನಂತೆ. ಆ ರಾತ್ರಿ ಮಾಸ್ತರರು ಉಣ್ಣಲೇ ಇಲ್ಲ.

ತಿಂಗಳೊಳಗೆ ಅವರು ನೌಕರಿ ಬಿಟ್ಟರು. ನಪಾಸಾದವರು ಯಾರೇ ಇರಲಿ, ಮಡ್ಡಿಯ ಮೇಲೆ ಕಲಿಯಲು ಬರಬೇಕೆಂದು ಡಂಗುರ ಹೊಡೆಸಿದರು. ಮೊದಲ ದಿನ ಬಂದವಳು ಸಾವಂತ್ರಿ ಒಬ್ಬಳೇ. ಮೂರು ವಾರ ಕಳೆಯುವಷ್ಟರಲ್ಲಿ ಹತ್ತೊಂಬತ್ತು ಮಂದಿಯಾದರು. ಮೌನೇಶ ಚಪ್ಪರ ಹಾಕಿಕೊಟ್ಟ. ಆಷಾಢದ ಗಾಳಿ ಅದನ್ನು ಎರಡು ಸಲ ಕಿತ್ತೊಯ್ದಿತು, ಎರಡು ಸಲವೂ ಮತ್ತೆ ಎಬ್ಬಿಸಿದ. ಪೇಟೆಯವರು ಮಡ್ಡಿಯತ್ತ ಕೈ ತೋರಿ, ನಪಾಸು ಮಡ್ಡಿಯ ವಿದ್ವಾಂಸರು ಹೊರಟರು ನೋಡಿ ಎಂದು ಆಡಿಕೊಳ್ಳುತ್ತಿದ್ದರು. ಹೆಸರು ಹುಟ್ಟಿದ್ದು ಹೀಗೆ, ಗೇಲಿಯಿಂದ.

ಏಳನೆಯ ವರ್ಷ ಶಾಲೆಗೆ ಮಂಜೂರಾತಿ ಕೊಡಲು ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಎಲ್ಲ ನೋಡಿ ಮೆಚ್ಚಿ, ವಿದ್ಯಾಗಿರಿ ಎಂದು ಬರೆದುಕೊಳ್ಳಲೇ ಎಂದು ಕೇಳಿದರು. ಮಾಸ್ತರರು ಹೂಂ ಎನ್ನುವವರಿದ್ದರು. ಆಗ ಚಿಕ್ಕ ಮಕ್ಕಳಿಗೆ ತಾನೇ ಪಾಠ ಹೇಳುವಷ್ಟಾಗಿದ್ದ ಸಾವಂತ್ರಿ ಮುಂದೆ ಬಂದಳು. “ಬ್ಯಾಡ್ರಿ ಸಾಹೇಬ್ರ. ಅಂಥಾ ಹೆಸರಿಟ್ರ ನಪಾಸಾದವರು ಇದು ತಮ್ಮದಲ್ಲ ಅಂತ ಕೆಳಗ ನಿಂತಬಿಡತಾರ. ಇದ್ದದ್ದ ಬರೀರಿ,” ಎಂದಳು. ಸಾಹೇಬರು ಅದನ್ನೇ ಬರೆದರು.

ಮಾಸ್ತರರು ಮುಪ್ಪಾದ ಮೇಲೂ ಸಿಕ್ಕವರನ್ನು ಕೇಳುವುದನ್ನು ಬಿಟ್ಟಿರಲಿಲ್ಲ. ಒಂದು ದಿನ ಯಮನಪ್ಪನೆಂಬ ಹಮಾಲ ಮಗಳನ್ನು ಸೇರಿಸಲು ಕರೆತಂದ. ಅವನನ್ನೂ ಕೇಳಿದರು. “ನನಗ ಲೆಕ್ಕಾನ ಬರ್ತಿರಲಿಲ್ರಿ,” ಎಂದ ಯಮನಪ್ಪ. “ಎಲ್ಲಾ ತಪ್ಪು ಬರದಿದ್ದೆ. ನನ್ನ ನಪಾಸು ಸರೀನ ಇತ್ತು. ನೀವು ಮನಸಿಗೆ ಹಚ್ಚಿಕೋಬ್ಯಾಡ್ರಿ.” ಸಮಾಧಾನ ಹೇಳಲೆಂದೇ ಅವನು ಹಾಗೆಂದಿದ್ದ. “ಬರ್ತಿರಲಿಲ್ಲ ಅಂದ ಮ್ಯಾಲೆ ನಿನ್ನನ್ನ ಮೊದಲು ಒಳಗ ಕೂಡಿಸಬೇಕಾಗಿತ್ತಪಾ,” ಎಂದರು ಮಾಸ್ತರರು. “ನಾ ಹೊರಗ ಹಾಕಿದೆ.” ಅಂದಿನಿಂದ ಅವರು ಯಾರನ್ನೂ ಕಂಬದ ಲೆಕ್ಕ ಕೇಳಲಿಲ್ಲ. ಆದರೂ ಕೊನೆಯವರೆಗೆ ಅವರು ನೆಮ್ಮದಿಯಿಂದ ಕುಳಿತದ್ದನ್ನು ಕಂಡವರಿಲ್ಲ ಎನ್ನುತ್ತಾರೆ.

ಜೂನ್ ಮೊದಲ ವಾರ ಮಡ್ಡಿಗೆ ಹೋದವರಿಗೆ ಇಂದಿಗೂ ಒಂದು ನೋಟ ಸಿಗುತ್ತದೆ. ಪಡಸಾಲೆಯ ತುಂಬ ತಾಯಿತಂದೆಯರು ಮಕ್ಕಳ ಕೈ ಹಿಡಿದು ಸಾಲುಗಟ್ಟಿರುತ್ತಾರೆ. ಹೊಸಬರಾರೋ ಅಳುಕುತ್ತ, ಮಗುವನ್ನು ಏನು ಓದಿಸಿಕೊಂಡು ಬರಬೇಕಿತ್ತು ಎಂದು ಕೇಳುತ್ತಾರೆ. ಮುಖ್ಯೋಪಾಧ್ಯಾಯಿನಿ ಮಗುವಿನ ಹೆಸರು ಕೇಳಿ ಬರೆದುಕೊಂಡು, ಒಳಗೆ ಹೋಗಿ ಕೂತುಕೋ ಎನ್ನುತ್ತಾರೆ.