ದುಗ್ಗನಿಗೆ ಕಟ್ಟುವ ಬುತ್ತಿ

ಹೊಳೆದಂಡೆಯ ಒಂದು ಆಶ್ರಮದಲ್ಲಿ ನಿರ್ವಾಣಯ್ಯ ಎಂಬ ಗುರುಗಳಿದ್ದರು. ಅವರ ಹಿರಿಯ ಶಿಷ್ಯ ರಾಚಯ್ಯ ಅಲ್ಲಿನ ಮಕ್ಕಳಿಗೆ ಓದು ಕಲಿಸುತ್ತಿದ್ದ.

ಮಕ್ಕಳನ್ನು ಹದ್ದುಬಸ್ತಿನಲ್ಲಿಡಲು ರಾಚಯ್ಯ ಒಂದು ಪದ್ಧತಿ ಮಾಡಿಕೊಂಡಿದ್ದ. ಸಂಜೆ ದೀಪ ಹಚ್ಚಿದ ಮೇಲೆ, ಯಾರು ಏನು ತಪ್ಪು ಮಾಡಿದರೆಂದು ಮಕ್ಕಳೇ ಎದ್ದು ಹೇಳಬೇಕು. ಮಕ್ಕಳಿಗೋ ಇದರಲ್ಲಿ ಬಲು ಉತ್ಸಾಹ. ಹೇಳಲು ಏನೂ ಸಿಗದ ದಿನ ದುಗ್ಗನೆಂಬ ಹುಡುಗನನ್ನು ಹಿಂದಿನಿಂದ ಚಿವುಟಿದರೆ ಸಾಕು, ಅವನು ಗಲಾಟೆ ಎಬ್ಬಿಸುತ್ತಿದ್ದ, ದೂರು ತಾನಾಗಿ ಹುಟ್ಟುತ್ತಿತ್ತು. ಪಾಪ, ರಾಚಯ್ಯನಿಗೆ ಇದೊಂದು ಗೊತ್ತಿರಲಿಲ್ಲ.

ದುಗ್ಗ ಪಾಠದ ನಡುವೆ, ಅದರಲ್ಲೂ ತನ್ನ ಓದುವ ಸರದಿ ಬಂದಾಗ, ಕಿರುಚುತ್ತಿದ್ದ, ಪಕ್ಕದವರ ಹಲಗೆ ಕಸಿಯುತ್ತಿದ್ದ. ಒಂದು ದಿನ ರಾಚಯ್ಯ ಸಾಕುಸಾಕಾಗಿ ಗುರುಗಳ ಬಳಿ ಹೋದ.

"ಬುದ್ಧಿ, ದುಗ್ಗನ್ನ ಊರಿಗೆ ಕಳಿಸಿಬಿಡೋಣ. ಅವನಿದ್ರೆ ಉಳಿದೋರ ಪಾಠ ಆಗಲ್ಲ."

ಊರಿನಲ್ಲಿ ಆ ಹುಡುಗನನ್ನು ಒಳಗೆ ಕರೆಯುವವರು ಯಾರೂ ಇರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ಕಳಿಸೋಣ," ಎಂದರು ಗುರುಗಳು. "ಆದ್ರೆ ಹೋಗೋನಿಗೆ ಬುತ್ತಿ ಕಟ್ಟಬೇಕಲ್ಲ. ಅವನಲ್ಲಿ ನೀನು ಕಂಡ ಒಂದು ಒಳ್ಳೇದು ಹೇಳು, ಅದನ್ನೇ ಕಟ್ಟಿ ಕಳಿಸ್ತೀನಿ."

ರಾಚಯ್ಯ ತಲೆ ಕೆರೆದುಕೊಂಡ. ಒಂದೂ ಹೊಳೆಯಲಿಲ್ಲ.

"ಹಾಗಾದ್ರೆ ಬರಿಗೈಲಿ ಹೇಗಪ್ಪಾ ಕಳಿಸೋದು?"

ಆ ಸಂಜೆ ಗುರುಗಳೇ ಬಂದು ದೀಪದ ಬಳಿ ಕುಳಿತರು. ಇನ್ನು ಮೇಲೆ ಯಾರ ತಪ್ಪನ್ನೂ ಹೇಳುವುದು ಬೇಡ, ನಾಳೆಯಿಂದ ದುಗ್ಗ ಮಾಡಿದ ಒಳ್ಳೆಯದು ಕಂಡರೆ ಹೇಳಿ, ಕಾಣದಿದ್ದರೆ ಸುಮ್ಮನಿರಿ, ಕಟ್ಟುಕಥೆ ಮಾತ್ರ ಬೇಡ ಎಂದರು.

ಮರುದಿನ ಸಂಜೆ ಮಕ್ಕಳು ಮುಖ ಮುಖ ನೋಡಿಕೊಂಡರು. ದುಗ್ಗ ತಲೆ ಬಗ್ಗಿಸಿ ಕುಳಿತಿದ್ದ. ಕೊನೆಗೆ ಎಲ್ಲರಿಗಿಂತ ಚಿಕ್ಕವನಾದ ಈರಣ್ಣ ಎದ್ದ.

"ನನ್ನ ಅಂಗಿ ಹೊಳೇಲಿ ತೇಲಿ ಹೋಗ್ತಿತ್ತು. ದುಗ್ಗ ಹಿಡಿದುಕೊಟ್ಟ."

ದುಗ್ಗನ ಕಿವಿ ಕೆಂಪಾಯಿತು. ಮಾರನೆಯ ದಿನ ಮಧ್ಯಾಹ್ನದವರೆಗೆ ಅವನ ಸದ್ದೇ ಇಲ್ಲ. ಆಮೇಲೆ ಒಂದು ಹಲಗೆ ಕಸಿದನೆನ್ನಿ. ಅದನ್ನು ಯಾರೂ ಹೇಳಲಿಲ್ಲ.

ಒಳ್ಳೆಯದನ್ನು ಹುಡುಕಲು ಹೊರಟ ಮಕ್ಕಳಿಗೆ ಚಿವುಟಲು ಪುರುಸೊತ್ತಿರಲಿಲ್ಲ. ಗಲಾಟೆ ತಾನಾಗಿ ಇಳಿಯಿತು. ಗದರದೆ, ಕೈ ಎತ್ತದೆ ಇಷ್ಟನ್ನು ಮಾಡಿದ ಆ ಮುದುಕರನ್ನು ಮೆಚ್ಚದೆ ಇರುವುದು ಹೇಗೆ?

ಒಂದು ಸಂಜೆ ದುಗ್ಗನೇ ಎದ್ದು ನಿಂತ.

"ನಾನು ಓದುವಾಗ ತಡವರಿಸ್ತೀನಿ. ಇವತ್ತು ಯಾರೂ ನಗಲಿಲ್ಲ."

ಇಷ್ಟು ಹೇಳಿ ಕುಳಿತುಬಿಟ್ಟ.

ತನ್ನ ಓದುವ ಸರದಿ ಬಂದಾಗಲೆಲ್ಲ ಅವನು ಯಾಕೆ ಕಿರುಚುತ್ತಿದ್ದನೆಂದು ರಾಚಯ್ಯನಿಗೆ ಆಗ ಅರ್ಥವಾಯಿತು. ತನ್ನ ಬಗ್ಗೆಯೇ ನಾಚಿಕೆಯಾಯಿತು, ಅಳುವೂ ಬಂತು. ಎದ್ದು ಹೋಗಿ ಗುರುಗಳ ಕಾಲು ಹಿಡಿದ.

"ಬುದ್ಧಿ, ಅವನನ್ನ ಕಳಿಸೋ ಮಾತು ಇನ್ನು ಆಡಲ್ಲ. ಅವನೊಳಗೆ ಇಷ್ಟೆಲ್ಲ ಇದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಗುರುಗಳು ಅವನನ್ನು ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಂಡರು.

"ನನಗೂ ಗೊತ್ತಿರಲಿಲ್ಲ ಕಣಪ್ಪ. ಅದಕ್ಕೇ ಮಕ್ಕಳನ್ನ ಕೇಳಿದ್ದು."